ನೀರಾಗಿನ ಪಲ್ಲೆ

ನವಲಗುಂದದ ನಮ್ಮ ಮನೆಯಲ್ಲಿ ನೀರಿಗೆ ಎರಡು ಜಾತಿ. ಒಂದು ಸಿಹಿನೀರು, ಇನ್ನೊಂದು ಸವಳುನೀರು. ಸಿಹಿನೀರು ಕೆರೆಯಿಂದ ನಳಕ್ಕೆ ಬರುವಂಥದು, ಅದೂ ಪಾಳಿಯ ಪ್ರಕಾರ. ಅದು ಕುಡಿಯಲಿಕ್ಕೆ, ಬೇಳೆಗೆ, ಚಹಕ್ಕೆ. ಸವಳುನೀರು ಬೋರಿನದು. ಅದು ಬಳಿಯಲಿಕ್ಕೆ, ತೊಳೆಯಲಿಕ್ಕೆ, ಮೀಯಲಿಕ್ಕೆ. ಎರಡಕ್ಕೂ ಕೊಡ ಬೇರೆ, ಇಡುವ ಕಟ್ಟೆ ಬೇರೆ, ತಂಬಿಗೆಯೂ ಬೇರೆ. ನಾನು ಕಲಘಟಗಿಯ ಕಡೆಯವಳು. ಅದು ಮಲೆನಾಡಿನ ಸೆರಗು. ಅಲ್ಲಿ ನೀರೆಂದರೆ ನೀರು, ಅದಕ್ಕೆ ಯಾವ ವಿಶೇಷಣವೂ ಇರಲಿಲ್ಲ. ಮದುವೆಯಾಗಿ ಎರೆಸೀಮೆಗೆ ಬಂದ ಮೇಲೆ, ಸವಳುನೀರಿನಲ್ಲಿ ತೊಗರಿಬೇಳೆ ಎಷ್ಟು ಕುದಿಸಿದರೂ ಕಲ್ಲಿನ ಹಾಗೆ ಕೂತಿರುತ್ತದೆ, ಸಾಬೂನು ನೊರೆ ಬಿಡುವುದಿಲ್ಲ, ಹಂಡೆಯ ತಳಕ್ಕೆ ಬೆಳ್ಳಗೆ ಹಕ್ಕಳೆ ಕಟ್ಟುತ್ತದೆ ಎಂಬುದನ್ನೆಲ್ಲ ನನ್ನ ಅತ್ತೆ ಕಲಿಸಿದರು.

ಮಣ್ಣಿಲ್ಲದೆ ಬರೀ ನೀರಿನಲ್ಲಿ ಕಾಯಿಪಲ್ಲೆ ಬೆಳೆಯುವ ವಿದ್ಯೆಗೆ ಕೈ ಹಾಕಿದಾಗ ಈ ಪಾಠವೇ ಎಲ್ಲಕ್ಕಿಂತ ಮೊದಲು ಅಡ್ಡ ಬಂದು ನಿಂತಿತು. ಅದಕ್ಕೇ ಅದನ್ನು ಮೊದಲು ಹೇಳಿದೆ.

ಮಣ್ಣು ಬಿಟ್ಟು ನೀರಿಗೆ ಹೋಗುವ ಹಂಬಲ ಎರೆಸೀಮೆಯಲ್ಲಿ ಯಾಕೆ ಬಂತು ಎಂದು ನೀವು ಕೇಳಬಹುದು. ಹೊಲದಲ್ಲಿ ಎರೆಮಣ್ಣು ಬಂಗಾರವೇ ಸರಿ. ಹಿಂಗಾರಿಯ ಬಿಳಿಜೋಳ, ಕಡಲೆ, ಕುಸುಬೆ ಮಣ್ಣಿನೊಳಗಿನ ಹಸಿಯ ಮೇಲೆಯೇ ಬೆಳೆದು ನಿಲ್ಲುತ್ತವೆ. ಹಕ್ಕರಕಿ ಬಿತ್ತದೆಯೇ ಹುಟ್ಟಿ ರೊಟ್ಟಿಯ ಪಕ್ಕಕ್ಕೆ ಬರುತ್ತದೆ. ಆದರೆ ಊರೊಳಗಿನ ಅಂಗೈ ಅಗಲದ ಹಿತ್ತಲದಲ್ಲಿ ಅದೇ ಮಣ್ಣು ಹಟಮಾರಿ. ಮಳೆಗಾಲದಲ್ಲಿ ಉಬ್ಬಿ ಚಪ್ಪಲಿ ಕಿತ್ತುಕೊಳ್ಳುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ವರ್ಷಗಟ್ಟಲೆ ಬೋರಿನ ನೀರು ಕುಡಿದ ಜಾಗದಲ್ಲಿ ಬಿಳಿ ಹುಡಿ ಏಳುತ್ತದೆ. ನೀರು ಇಂಗಿ ಹೋಗಲು ದಾರಿಯಿಲ್ಲದ ಮಣ್ಣಿಗೆ ಉಪ್ಪು ಸೇರಿದರೆ ಆಗುವುದೇ ಹೀಗೆ. ಮಲಪ್ರಭಾ ಕಾಲುವೆ ಬಂದ ಮೇಲೆ ನಮ್ಮ ಕಡೆಯ ಎಷ್ಟೋ ಹೊಲಗಳು ಸವಳು-ಜವಳಾದ ಕತೆಯೂ ಇದೇ. ನೀರಿಗಾಗಿ, ನೀರಿನ ಕರಕ್ಕಾಗಿ 1980ರ ಜುಲೈ 21ರಂದು ಗುಂಡು ಕಂಡ ಊರು ಇದು. 2015ರಿಂದ ಮಹದಾಯಿಗಾಗಿ ಹಗಲುರಾತ್ರಿ ಧರಣಿ ಕೂತ ಸೀಮೆ ಇದು. ಇಂಥಲ್ಲಿ ಒಬ್ಬ ಸಾಲಿ ಅಕ್ಕೋರು ನೀರಿನಲ್ಲಿ ಮೆಂತೆ ಬೆಳೆಯುತ್ತೇನೆ ಎಂದರೆ ಜನ ನಗದೆ ಬಿಟ್ಟಾರೆಯೇ?

ನಮ್ಮ ಅತ್ತೆಯೇ ಮೊದಲು ನಕ್ಕರು. "ನೀರಾಗ ಪಲ್ಲೆ ಬೆಳಿತೀಯಂತ? ಮಣ್ಣಿಗೇನ ಬರ ಬಂದೈತೇನ ಈ ಊರಾಗ?"

ವಿದ್ಯೆ ಹೊಸದೇನಲ್ಲ. ಗಿಡಕ್ಕೆ ಬೇಕಾದ ಲವಣಗಳನ್ನು ನೀರಿನಲ್ಲಿ ಕರಗಿಸಿ ಕೊಟ್ಟರೆ ಮಣ್ಣು ಬೇಡವೆಂದು ಜರ್ಮನಿಯ ವಿಜ್ಞಾನಿಗಳು 1860ರ ದಶಕದಲ್ಲೇ ತೋರಿಸಿದ್ದರು. ಅಮೆರಿಕದ ಕ್ಯಾಲಿಫೋರ್ನಿಯಾದ ಗೆರಿಕೆ ಎಂಬುವರು 1930ರ ದಶಕದಲ್ಲಿ ಆಳೆತ್ತರದ ಟೊಮ್ಯಾಟೊ ಬಳ್ಳಿಗಳನ್ನು ನೀರಿನಲ್ಲೇ ಬೆಳೆದರು. ಇದಕ್ಕೆ ಹೈಡ್ರೋಪೋನಿಕ್ಸ್ ಎಂಬ ಹೆಸರು ಬಳಕೆಗೆ ಬಂದದ್ದು 1937ರಲ್ಲಿ. ನಮ್ಮ ದೇಶಕ್ಕೂ ಇದು ಬೇಗನೆ ಬಂತು. ಶೋಲ್ಟೋ ಡಗ್ಲಸ್ ಎಂಬುವರು 1946ರ ಸುಮಾರಿಗೆ ಕಲಿಂಪಾಂಗಿನಲ್ಲಿ ಪ್ರಯೋಗ ನಡೆಸಿ, ಕರೆಂಟು ಇಲ್ಲದೆ, ಜಲ್ಲಿ ಮರಳು ತುಂಬಿದ ತೊಟ್ಟಿಯಲ್ಲಿ ಬಡವರೂ ಮಾಡಬಹುದಾದ ಬಂಗಾಳ ಪದ್ಧತಿಯನ್ನು ರೂಪಿಸಿದರು. ಬೆಂಗಳೂರು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಮಣ್ಣಿನ ಬದಲು ತೆಂಗಿನ ನಾರಿನ ಪುಡಿಯಲ್ಲಿ ಕಾಯಿಪಲ್ಲೆ ಬೆಳೆಯುವವರಿಗಾಗಿ ಅರ್ಕಾ ಸಸ್ಯ ಪೋಷಕ ರಸ ಎಂಬ ದ್ರವಗೊಬ್ಬರವನ್ನೇ ತಯಾರಿಸಿದ್ದಾರೆ. ಇಷ್ಟೆಲ್ಲ ಓದಿಕೊಂಡಾದ ಮೇಲೂ, ನನ್ನ ಮನಸ್ಸನ್ನು ನಿಜವಾಗಿ ಎಳೆದದ್ದು ಸಾಲಿಯ ಕಿಟಕಿಯಲ್ಲಿ ವಿಜ್ಞಾನದ ಮಾಸ್ತರರು ಬಾಟಲಿಯ ಬಾಯಿಗೆ ಕೂಡ್ರಿಸಿದ ಒಂದು ಉಳ್ಳಾಗಡ್ಡಿ. ನಾಲ್ಕೇ ದಿನಕ್ಕೆ ಬೆಳ್ಳಗಿನ ಬೇರುಗಳು ಮುದುಕಿಯ ಕೂದಲಿನ ಹಾಗೆ ನೀರಿಗಿಳಿದಿದ್ದವು.

ಆ ಮಾಸ್ತರರೇ ನನ್ನ ಗುರುಗಳಾದರು. ಸಮಾಜ ವಿಜ್ಞಾನ ಕಲಿಸುವವಳಿಗೆ ಪಿಎಚ್ ಎಂದರೇನು ಗೊತ್ತು? ಹುಳಿ ಎಷ್ಟು, ಕ್ಷಾರ ಎಷ್ಟು ಎಂದು ಅಳೆಯುವ ಲೆಕ್ಕ ಅದು, ಬೇರಿಗೆ ಸ್ವಲ್ಪ ಹುಳಿಯ ಕಡೆ, ಐದೂವರೆಯಿಂದ ಆರೂವರೆಯೊಳಗೆ ಇರಬೇಕು ಎಂದರು. ಇನ್ನೊಂದು ಅಳತೆ ಉಪ್ಪಿನದು. ಪೆನ್ನಿನಂಥ ಒಂದು ಮೀಟರನ್ನು ನೀರಿಗೆ ಅದ್ದಿದರೆ ಕರಗಿದ ಲವಣ ಲೀಟರಿಗೆ ಎಷ್ಟು ಮಿಲಿಗ್ರಾಂ ಎಂದು ತೋರಿಸುತ್ತದೆ. ಕುಡಿಯುವ ನೀರಿನಲ್ಲಿ 500ರೊಳಗೆ ಇರುವುದು ಒಳ್ಳೆಯದು, ಬೇರೆ ಗತಿಯಿಲ್ಲದಿದ್ದರೆ 2000ದವರೆಗೆ ನಡೆದೀತು ಎಂಬುದು ಸರಕಾರಿ ಮಾನದಂಡ. ನಮ್ಮ ಬೋರಿನ ನೀರಿಗೆ ಅದ್ದಿದರೆ 2100! ಪಿಎಚ್ ಎಂಟರ ಮೇಲೆ.

"ಇದರಾಗ ಆಗೂದಿಲ್ಲರೀ ಅಕ್ಕೋರ," ಎಂದರು ಮಾಸ್ತರರು. ಯಾಕೆಂದು ಅವರು ಬಿಡಿಸಿ ಹೇಳಿದ್ದು ನನಗೆ ಅಡಿಗೆಮನೆಯ ಭಾಷೆಯಲ್ಲಿ ಸರಿಯಾಗಿ ತಿಳಿಯಿತು. ಗಿಡಕ್ಕೆ ನಾವು ಕೊಡುವ ಆಹಾರವೂ ಒಂದು ಬಗೆಯ ಉಪ್ಪೇ. ಸಾರಿಗೆ ಮೊದಲೇ ಉಪ್ಪು ಹೆಚ್ಚಾಗಿದ್ದರೆ ಮೇಲೆ ಮಸಾಲೆಯ ಪುಡಿ ಹಾಕಲು ಎಡೆ ಎಲ್ಲಿದೆ? ಬೇರು ನೀರನ್ನು ಎಳೆದುಕೊಳ್ಳುವ ಬದಲು ನೀರು ಕಳೆದುಕೊಳ್ಳುವ ಪರಿಸ್ಥಿತಿ ಬರುತ್ತದೆ. ಸಾಲದ್ದಕ್ಕೆ ಕ್ಷಾರ ಹೆಚ್ಚಾದ ನೀರಿನಲ್ಲಿ ಕಬ್ಬಿಣಾಂಶ ಇದ್ದೂ ಗಿಡದ ಕೈಗೆ ಸಿಗುವುದಿಲ್ಲ. ಹೊಸ ಎಲೆಗಳು ಹಳದಿಯಾಗಿ ನರಗಳಷ್ಟೇ ಹಸಿರಾಗಿ ಉಳಿಯುತ್ತವೆ. ಒಂದು ಡಬ್ಬಿಯಲ್ಲಿ ಬೋರಿನ ನೀರು, ಇನ್ನೊಂದರಲ್ಲಿ ನಳದ ನೀರು ಇಟ್ಟು ಪಾಲಕ ಹಚ್ಚಿ ನೋಡಿದೆವು. ಬೋರಿನದು ಎಂಟನೆಯ ದಿನಕ್ಕೆ ತುದಿ ಸುಟ್ಟುಕೊಂಡು ನೆಲ ಹಿಡಿಯಿತು.

ಹಾಗಾದರೆ ನಳದ ನೀರೇ ಗತಿ. ನನಗೆ ತಳಮಳವಾದದ್ದು ಇಲ್ಲಿಯೇ. ಈ ಕೃಷಿಯ ಸಾಮಾನು ಮಾರುವವರೆಲ್ಲ ನೂರಕ್ಕೆ ತೊಂಬತ್ತರಷ್ಟು ನೀರು ಉಳಿಯುತ್ತದೆ ಎಂದು ಹೇಳುತ್ತಾರೆ. ಸುಳ್ಳಲ್ಲ, ಹೊಲಕ್ಕೆ ಹಾಯಿಸಿದ ನೀರಿನ ಜೊತೆ ಹೋಲಿಸಿದರೆ ಬಹಳಷ್ಟು ಉಳಿದೀತು. ಆದರೆ ಉಳಿಯುವುದು ಯಾವ ನೀರು ಎಂದು ಅವರು ಹೇಳುವುದಿಲ್ಲ. ನಮ್ಮ ಹೆಂಗಸರ ಹಿತ್ತಲ ಯಾವತ್ತು ಸಿಹಿನೀರು ಕೇಳಿತ್ತು? ಅಕ್ಕಿ ತೊಳೆದದ್ದು, ಭಾಂಡೆ ತಿಕ್ಕಿದ್ದು, ಬಚ್ಚಲಿನಿಂದ ಹರಿದದ್ದು, ಇವುಗಳ ಮೇಲೆಯೇ ಬಾಳೆ, ಕರಿಬೇವು, ಬಸಳೆ ಬದುಕಿಕೊಂಡು ಬಂದವು. ಮಣ್ಣು ಎಂಥ ನೀರನ್ನೂ ಸೋಸಿ, ತಡೆದು, ಬೇರಿಗೆ ತಕ್ಕಂತೆ ಮಾಡಿ ಕೊಡುತ್ತಿತ್ತು. ಮಣ್ಣನ್ನು ತೆಗೆದುಬಿಟ್ಟರೆ ಗಿಡ ಮನೆಯ ಅಳಿಯನಂತಾಗುತ್ತದೆ. ಒಳ್ಳೆಯದನ್ನೇ ಬೇಡುತ್ತದೆ, ಕುಡಿಯುವ ನೀರಿನ ಕೊಡಕ್ಕೇ ಕೈ ಹಾಕುತ್ತದೆ. ಎಂಟು ದಿನಕ್ಕೊಮ್ಮೆ ನಳ ಬರುವ ಮನೆಯಲ್ಲಿ ಇದು ಸಣ್ಣ ಮಾತಲ್ಲ.

ಇದಕ್ಕೆ ಉತ್ತರ ಮಾಳಿಗೆಯ ಮೇಲಿತ್ತು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ಆರ್‌ಸಿಸಿ ಮಾಳಿಗೆ 60 ಚದರ ಮೀಟರ್. 20 ಮಿಲಿಮೀಟರಿನ ಒಂದೇ ಅಡ್ಡಮಳೆಗೆ 1200 ಲೀಟರ್. ಮೊದಲ ಹೊಲಸು ನೀರು ಬಿಟ್ಟುಕೊಟ್ಟರೂ ಸಾವಿರಕ್ಕೆ ಮೋಸವಿಲ್ಲ. ಮನೆಯವರು ಪೈಪು ಇಳಿಸಿ, ಬಟ್ಟೆಯ ಸೋಸಣಿಗೆ ಕಟ್ಟಿ, ಸಾವಿರ ಲೀಟರಿನ ಕರಿ ಟಾಕಿ ಕೂಡ್ರಿಸಿಕೊಟ್ಟರು. ಮಳೆನೀರಿಗೆ ಮೀಟರು ಅದ್ದಿದರೆ ಮೂವತ್ತೂ ತೋರಿಸಲಿಲ್ಲ. ಬರಿದಾದ ನೀರು. ಅತ್ತೆ ಅದರಲ್ಲಿ ಒಂದು ಬಟ್ಟಲು ಬೇಳೆ ಬೇಯಿಸಿ ನೋಡಿದರು. ಬೆಣ್ಣೆಯಾಯಿತು. ಆ ದಿನದಿಂದ ಟಾಕಿಯ ಕೀಲಿ ಅವರ ಕೈಗೆ ಹೋಯಿತು, ನನ್ನ ಪಲ್ಲೆಗೆ ದಿನಕ್ಕೆ ಇಷ್ಟು ಕೊಡವೆಂದು ರೇಶನ್ನೂ ಆಯಿತು.

ಪಂಪಿಲ್ಲದ ಒಂದು ಸರಳ ರೀತಿ ಇದೆ. ಹವಾಯಿ ವಿಶ್ವವಿದ್ಯಾಲಯದ ಕ್ರ್ಯಾಟ್ಕಿ ಎಂಬುವರ ಹೆಸರಿನಲ್ಲಿ ಬಳಕೆಯಲ್ಲಿದೆ. ಮುಚ್ಚಳವಿರುವ ಡಬ್ಬಿಗೆ ಗೊಬ್ಬರದ ನೀರು ತುಂಬಿ, ಮುಚ್ಚಳದ ತೂತಿನಲ್ಲಿ ಸಸಿ ಕೂಡ್ರಿಸುವುದು. ಗಿಡ ನೀರು ಕುಡಿದಂತೆ ಮಟ್ಟ ಇಳಿಯುತ್ತದೆ, ಮೇಲಿನ ಬೇರುಗಳಿಗೆ ಗಾಳಿ ಸಿಗುತ್ತದೆ, ಕೆಳಗಿನವು ನೀರಿನಲ್ಲಿರುತ್ತವೆ. ಕರೆಂಟು ಯಾವಾಗ ಬರುತ್ತದೋ ಯಾವಾಗ ಹೋಗುತ್ತದೋ ಎಂಬ ಊರಿಗೆ ಇದೇ ಸರಿ. ಬೆಳಕು ಒಳಗೆ ಹೋದರೆ ಪಾಚಿ ಕಟ್ಟುತ್ತದೆಂದು ಡಬ್ಬಿಗಳಿಗೆ ಹಳೆಯ ಸೀರೆ ಸುತ್ತಿದೆ. ನವೆಂಬರಿನಿಂದ ಫೆಬ್ರುವರಿಯ ಕೊನೆಯವರೆಗೆ ಪಾಲಕ, ಕೊತ್ತಂಬರಿ, ಮೆಂತೆ ಚೆನ್ನಾಗಿಯೇ ಬಂದವು. ಗೊಬ್ಬರದ ಪುಡಿಯ ಖರ್ಚು ಲೆಕ್ಕ ಹಾಕಿದರೆ ಸಂತೆಯ ಸಿವುಡೇ ಅಗ್ಗ, ಅದನ್ನು ಮುಚ್ಚಿಡುವುದಿಲ್ಲ.

ಆ ಗೊಬ್ಬರದ ಖರ್ಚನ್ನು ತಪ್ಪಿಸುವ ದಾರಿಯಾಗಿ ಮೀನು ಬಂದದ್ದು. ನೀರಿನ ಪಲ್ಲೆಗೆ ಮೀನನ್ನು ಜೋಡಿಸಿದರೆ ಅದೇ ಅಕ್ವಾಪೋನಿಕ್ಸ್. ಮೀನು ತಿಂದು ಬಿಡುವ ಹೊಲಸಿನಲ್ಲಿ ಅಮೋನಿಯಾ ಇರುತ್ತದೆ, ಅದು ಮೀನಿಗೇ ವಿಷ. ಕಣ್ಣಿಗೆ ಕಾಣದ ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆಯದು ಅದನ್ನು ನೈಟ್ರೇಟ್ ಮಾಡುತ್ತದೆ. ಅದು ಗಿಡಕ್ಕೆ ಅನ್ನ. ಗಿಡ ಅದನ್ನು ಉಂಡು ನೀರನ್ನು ಮೀನಿಗೆ ತಿಳಿಯಾಗಿ ಮರಳಿಸುತ್ತದೆ.

"ಲಿಂಗಾ ಕಟ್ಟಿದ ಮನಿಯಾಗ ಮೀನ ಸಾಕತೀಯಾ?" ಅತ್ತೆಯ ದನಿ ಈ ಸಲ ನಗೆಯದಾಗಿರಲಿಲ್ಲ.

"ತಿನ್ನಾಕಲ್ಲರೀ ಅತ್ತಿ, ಸಾಕಾಕ."

ಎರಡು ವಾರ ಆ ಮಾತು ಹಾಗೆಯೇ ನಿಂತಿತ್ತು. ದಾರಿ ತೆರೆದದ್ದು ಆಶಾ ಕಾರ್ಯಕರ್ತೆ. ಸೊಳ್ಳೆಯ ಮರಿ ತಿನ್ನುವ ಗಪ್ಪಿ ಮೀನನ್ನು ತೊಟ್ಟಿಗಳಿಗೆ ಬಿಡುವುದು ಆರೋಗ್ಯ ಇಲಾಖೆಯವರ ಹಳೆಯ ಕ್ರಮ. ಆಕೆ ಒಂದು ಕವರಿನಲ್ಲಿ ಹತ್ತು ಗಪ್ಪಿ ತಂದು ನಮ್ಮ ಬಳಕೆಯ ನೀರಿನ ತೊಟ್ಟಿಗೆ ಬಿಟ್ಟಳು. ಡೆಂಗಿಯ ಭಯದ ಮುಂದೆ ಅತ್ತೆ ಸುಮ್ಮನಾದರು. ಆದರೆ ಗಪ್ಪಿಯಿಂದ ಪಲ್ಲೆ ಬೆಳೆಯದು. ಒಂದು ಚದರ ಮೀಟರ್ ಸೊಪ್ಪಿಗೆ ದಿನಕ್ಕೆ 40-50 ಗ್ರಾಂ ಮೀನಿನ ಆಹಾರ ಕರಗಬೇಕು, ಗಪ್ಪಿ ತಿನ್ನುವುದು ಚಿಟಿಕೆಯಷ್ಟು. ಹುಬ್ಬಳ್ಳಿಯಿಂದ ಎಂಟು ಬಂಗಾರ ಬಣ್ಣದ ಮೀನು ಬಂದವು. ಅವೂ ಇಪ್ಪತ್ತು ಗಿಡಕ್ಕೆ ಮಾತ್ರ ಸಾಕು. ಟೊಮ್ಯಾಟೊ, ಬದನೆ ಎಂಬ ಆಸೆಯನ್ನು ಅಲ್ಲಿಗೇ ಬಿಟ್ಟೆ.

ನಾನು ಆಸ್ಥೆಯಿಂದ ಮಾಡಿದ ಕೆಲಸವೆಂದರೆ ಹೆಪ್ಪು ಹಾಕಿದ್ದು. ಹೌದು, ಹೆಪ್ಪೇ. ಆ ಬ್ಯಾಕ್ಟೀರಿಯಾಗಳು ಹೊಸ ನೀರಿನಲ್ಲಿ ತಾವಾಗಿಯೇ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಆವರೆಗೆ ಮೀನಿಗೆ ಗಂಡಾಂತರ. ಹಳೆಯ ಮೀನಿನ ತೊಟ್ಟಿಯ ಹರಳುಗಳನ್ನು ಒಂದಿಷ್ಟು ತಂದು ಹಾಕಿದರೆ ಬೇಗ ಕೂಡಿಕೊಳ್ಳುತ್ತವೆ. ಹುಬ್ಬಳ್ಳಿಯ ಗೆಳತಿಯ ಮನೆಯಿಂದ ಒದ್ದೆ ಬಟ್ಟೆಯಲ್ಲಿ ಹರಳು ಕಟ್ಟಿಕೊಂಡು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ. ಬಾಳೆಲ್ಲ ಮೊಸರಿಗೆ ಹೆಪ್ಪು ಹಾಕಿದ ಅತ್ತೆಗೆ ಇದೊಂದು ಮಾತು ಎರಡನೆಯ ಸಲ ಹೇಳಬೇಕಾಗಲಿಲ್ಲ. "ಹಂಗಾರ ಹುಳಿ ಆಗದಂಗ ನೋಡ್ಕೊ," ಎಂದರು. ನಳದ ನೀರಿನಲ್ಲಿ ಬ್ಲೀಚಿಂಗ್ ವಾಸನೆಯಿದ್ದರೆ ಅದು ಹೆಪ್ಪನ್ನೂ ಕೊಲ್ಲುತ್ತದೆ, ಮೀನನ್ನೂ ಕೊಲ್ಲುತ್ತದೆ; ಅಗಲ ಬಾಯಿಯ ಪಾತ್ರೆಯಲ್ಲಿ ದಿನವೊಪ್ಪತ್ತು ಬಯಲಿಗಿಟ್ಟು ಆಮೇಲೆ ಹಾಕಬೇಕು.

ಮೀನಿನ ನೀರಿನ ಪಾಲಕ ಮೊದಲ ಸಲ ಒಲೆಗೆ ಏರಿದ ದಿನ ಓಣಿಯಲ್ಲಿ ಗುಸುಗುಸು. ಅದನ್ನು ಉಣ್ಣಬಹುದೋ ಬಾರದೋ? ನೀರಿನ ಮಡಿಯ ವಿಷಯದಲ್ಲಿ ನಮ್ಮ ಜನರ ಅಂಜಿಕೆಯನ್ನು ನಾನು ಹಗುರಾಗಿ ಕಾಣಲಾರೆ. ನಮ್ಮದೇ ತಾಲ್ಲೂಕಿನ ಮೊರಬದಲ್ಲಿ 2018ರ ಕೊನೆಗೆ ಕೆರೆಯಲ್ಲಿ ಒಬ್ಬ ಹೆಣ್ಣುಮಗಳ ಶವ ಸಿಕ್ಕಾಗ, ಆಕೆಗೆ ಎಚ್‌ಐವಿ ಇತ್ತೆಂಬ ಸುದ್ದಿ ಹಬ್ಬಿ, ಆ ರೋಗ ನೀರಿನಿಂದ ಹರಡುವುದಿಲ್ಲವೆಂದು ವೈದ್ಯರು ಹೇಳಿದರೂ ಊರವರು ಒಪ್ಪದೆ, 36 ಎಕರೆಯ ಕೆರೆಯನ್ನೇ ಪಂಪು ಹಚ್ಚಿ ಬರಿದು ಮಾಡಿಸಿದರು. ಅದೂ ಹನಿ ನೀರಿಗೆ ತತ್ವಾರವಿರುವ ಸೀಮೆಯಲ್ಲಿ. ಆ ಹೆಣ್ಣುಮಗಳ ಸಂಕಟವನ್ನು ಕೇಳಿದವರು ಎಷ್ಟು ಮಂದಿಯೋ! ತಿಳಿವಳಿಕೆ ಕೊಟ್ಟಾಕ್ಷಣ ಅಂಜಿಕೆ ಹೋಗುವುದಿಲ್ಲ ಎಂಬುದು ನನ್ನ ಮನಸ್ಸಿನಲ್ಲಿ ಆಗಲೇ ಕೂತಿತ್ತು. ಅದಕ್ಕೇ ನಾನು ಯಾರಿಗೂ ಪಾಠ ಮಾಡಲಿಲ್ಲ. ಪಕ್ಕದ ಮನೆಯಾಕೆ ಮೂಗು ಮುರಿದಾಗ ಉತ್ತರ ಕೊಟ್ಟವರು ಅತ್ತೆ. "ಸಗಣಿ ಗೊಬ್ಬರದ ಪಲ್ಲೆ ತಿಂತೀಯಲ್ಲವಾ, ಆಕಳಾ ತಿಂದಂಗ ಆತೇನು?"

ಮಾರ್ಚಿ ದಾಟಿತು. ನೀರು ಬಿಸಿಯಾದಷ್ಟೂ ಅದರಲ್ಲಿ ಗಾಳಿ ಕರಗುವುದು ಕಡಿಮೆ. 20 ಡಿಗ್ರಿಯಲ್ಲಿ ಲೀಟರಿಗೆ 9 ಮಿಲಿಗ್ರಾಂ ಆಮ್ಲಜನಕ ಹಿಡಿಯುವ ನೀರು 35 ಡಿಗ್ರಿಯಲ್ಲಿ 7ಕ್ಕೆ ಇಳಿಯುತ್ತದೆ, ಅದೇ ಹೊತ್ತಿಗೆ ಮೀನಿಗೆ ಉಸಿರು ಹೆಚ್ಚು ಬೇಕಾಗುತ್ತದೆ. ಪಾಲಕದ ಬೇರು ಕಂದಿ ಲೋಳೆಯಾಯಿತು. ಬ್ಯಾರೆಲ್ಲಿಗೆ ಗೋಣಿಚೀಲ ಸುತ್ತಿ, ಅದನ್ನು ಸವಳುನೀರಿನಿಂದ ತೋಯಿಸಿ ತಂಪು ಮಾಡಿದೆ. ಸವಳಿಗೂ ಒಂದು ಉಪಯೋಗ ಸಿಕ್ಕಿತು.

ಏಪ್ರಿಲ್ಲಿನ ಒಂದು ಸಂಜೆ ಬಿರುಗಾಳಿ ಎದ್ದು ಕರೆಂಟು ಹೋಯಿತು. ಗಾಳಿ ಊದುವ ಸಣ್ಣ ಪಂಪು ನಿಂತಿತು. ಹನ್ನೊಂದರ ಹೊತ್ತಿಗೆ ಬ್ಯಾಟರಿ ಹಾಕಿ ನೋಡಿದರೆ ಎಂಟೂ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿವೆ. ನೀರನ್ನು ಎತ್ತರದಿಂದ ಹೊಯ್ದರೆ ಗಾಳಿ ಸೇರುತ್ತದೆ. ತಂಬಿಗೆ ತೆಗೆದುಕೊಂಡು ಮೊಗೆದು ಹೊಯ್ಯಲು ಕೂತೆ. ಒಂದು ತಾಸಾಗಿರಬೇಕು, ಹಿಂದೆ ಕೋಲಿನ ಸಪ್ಪಳ.

"ನಾಳೆ ನೀ ಪೇಪರ ತಿದ್ದಾಕ ಹೋಗಾಕಿ. ಮಕ್ಕೋ ಹೋಗು. ಕೊಡಿಲ್ಲಿ."

ಎಪ್ಪತ್ತೆಂಟರ ಮುದುಕಿ, ಮಣೆಯ ಮೇಲೆ ಕೂತು, ಕಣ್ಣು ಸರಿಯಾಗಿ ಕಾಣದಿದ್ದರೂ, ಸಪ್ಪಳದ ಮೇಲೆಯೇ ಅಂದಾಜು ಹಿಡಿದು ಹೊಯ್ಯತೊಡಗಿದರು. ನಾನು ಮಲಗಲಿಲ್ಲ. ಇಬ್ಬರೂ ಪಾಳಿ ಹಚ್ಚಿಕೊಂಡೆವು. ಅವರು ತಮ್ಮ ಚಿಕ್ಕಂದಿನಲ್ಲಿ ಕೆರೆಗೆ ನಸುಕಿನಲ್ಲಿ ಎರಡು ಕೊಡ ಹೊತ್ತು ಹೋಗುತ್ತಿದ್ದುದನ್ನು, ಕಾಲು ಜಾರಿ ಕೊಡ ಒಡೆದರೆ ನೀರಿಗಾಗಿ ಅತ್ತದ್ದನ್ನು, ಕೊಡಕ್ಕಾಗಿ ಅಳಲಿಲ್ಲ ಎಂಬುದನ್ನು ಹೇಳಿದರು. ಬೆಳಗಿನ ನಾಲ್ಕಕ್ಕೆ ಕರೆಂಟು ಬಂತು. ಮೂರು ಮೀನು ಉಳಿಯಲಿಲ್ಲ. ಅತ್ತೆ ಅವನ್ನು ಎಲೆಯಲ್ಲಿ ಸುತ್ತಿಸಿ ಕರಿಬೇವಿನ ಬುಡಕ್ಕೆ ಹೂಳಿಸಿ, ವಿಭೂತಿ ಹಚ್ಚಿಸಿದರು.

ಮೇ ತಿಂಗಳಲ್ಲಿ ನಳ ಹದಿನಾಲ್ಕು ದಿನ ಬರಲಿಲ್ಲ. ಮಳೆಯ ಟಾಕಿ ತಳ ಕಂಡಿತ್ತು. ಹಿತ್ತಲದಲ್ಲಿ ಐದು ಮೀನು ಇನ್ನೂರು ಲೀಟರ್ ಸಿಹಿನೀರು ಹಿಡಿದು ಕೂತಿದ್ದವು. ಅಡಿಗೆಮನೆಯಲ್ಲಿ ಎರಡು ಕೊಡ ಉಳಿದಿದ್ದವು. ಮನೆಯವರು ಏನೂ ಅನ್ನಲಿಲ್ಲ, ಬ್ಯಾರೆಲ್ಲಿನ ಕಡೆ ಒಮ್ಮೆ ನೋಡಿದರು, ಅಷ್ಟೇ. ಆ ನೋಟ ನನಗೆ ನಿದ್ದೆ ಕೆಡಿಸಿತು. ಮರುದಿನ ಡಬ್ಬಿಯ ಗಿಡಗಳನ್ನೆಲ್ಲ ಕಿತ್ತು ಮುಗಿಸಿದೆ. ಮೀನುಗಳನ್ನು ಕೊಟ್ಟುಬಿಡೋಣವೆಂದರೆ ಅತ್ತೆ ಒಲ್ಲೆಂದರು. "ರಾತ್ರಿಯೆಲ್ಲಾ ಕುಂತು ಉಳಿಸಿದ ಜೀವ. ನನ್ನ ಪಾಲಿನ ಒಂದ ತಂಬಿಗಿ ಅವಕ್ಕ ಹಾಕು." ಹಣ ಕೊಟ್ಟು ಟ್ಯಾಂಕರಿನ ನೀರು ತರಿಸಿ ಅಡಿಗೆಮನೆಯನ್ನು ನಡೆಸಿದೆವು, ಬ್ಯಾರೆಲ್ಲಿಗೆ ಆವಿಯಾಗಿ ಹೋದಷ್ಟನ್ನು ಮಾತ್ರ ದಿನಾ ತುಂಬಿದೆವು. ಮೀನಿನ ಮೇವನ್ನೂ ಅರ್ಧಕ್ಕಿಳಿಸಿದೆ.

ಈಗ ನಾನು ಏಪ್ರಿಲ್ಲಿನಿಂದ ಜೂನಿನ ಮಳೆ ಹಿಡಿಯುವವರೆಗೆ ಡಬ್ಬಿಗಳನ್ನು ಕವುಚಿ ಇಡುತ್ತೇನೆ. ಎರೆಹೊಲವೂ ಆಗ ಬಿರಿದು ಬಿದ್ದಿರುತ್ತದೆ, ನನ್ನ ನೀರಿನ ಹೊಲವೂ ಬಿದ್ದಿರಲಿ. ಆ ದಿನಗಳಲ್ಲಿ ಬ್ಯಾರೆಲ್ಲಿಗೆ ಕಲಘಟಗಿಯ ತವರಿನಿಂದ ತಂದ ಕೆಸುವಿನ ನಾಲ್ಕು ಗಡ್ಡೆಗಳನ್ನು ಇಳಿಬಿಟ್ಟಿರುತ್ತೇನೆ. ಗಟಾರದ ದಂಡೆಯಲ್ಲೂ ಬದುಕುವ ಜಾತಿ ಅದು, ಬಿಸಿನೀರಿಗೂ ಬೇಸರಿಸದೆ ಮೀನಿನ ಹೊಲಸನ್ನು ಉಂಡುಕೊಂಡು ಅಂಗೈ ಅಗಲ ಎಲೆ ಬಿಡುತ್ತದೆ. ಗೊಬ್ಬರದ ಹಳೆಯ ನೀರು ಕರಿಬೇವಿಗೆ ಹೋಗುತ್ತದೆ. ಮಾಳಿಗೆಗೆ ಎರಡನೆಯ ಟಾಕಿ ಬಂದಿದೆ, ಅದರ ಕೀಲಿಯೂ ಅತ್ತೆಯ ಕೈಯಲ್ಲೇ. ಮೊದಲು ಅಡಿಗೆ, ಆಮೇಲೆ ಮೀನು, ಕೊನೆಗೆ ಪಲ್ಲೆ ಎಂಬುದು ಅವರು ಹಾಕಿದ ವರಸೆ.

ಹೋದ ದೀಪಾವಳಿಗೆ ಅಣ್ಣಿಗೇರಿಯ ಸಹೋದ್ಯೋಗಿಯೊಬ್ಬರು ಬಂದಿದ್ದರು. ಅವರ ಹಿತ್ತಲದ ನೀರೂ ಸವಳು, ಮಾಳಿಗೆ ನಮ್ಮದಕ್ಕಿಂತ ದೊಡ್ಡದು. "ನನಗೂ ಒಂದಿಷ್ಟು ಹೆಪ್ಪ ಕೊಡ್ರೀ," ಎಂದರು. ಬ್ಯಾರೆಲ್ಲಿನ ತಳದಿಂದ ಎರಡು ಬೊಗಸೆ ಹರಳು ತೆಗೆದು ಒದ್ದೆ ಬಟ್ಟೆಯಲ್ಲಿ ಕಟ್ಟಿದೆ. ದಾರಿಯಲ್ಲಿ ಒಣಗಬಾರದು, ಮುಟ್ಟಿದೊಡನೆ ಮಳೆನೀರಿಗೆ ಹಾಕಬೇಕು, ನಳದ ನೀರಾದರೆ ಬಯಲಿಗಿಟ್ಟ ಮೇಲೆ ಎಂದು ನಾನು ಹೇಳುತ್ತಿದ್ದಂತೆ, ಅತ್ತೆ ಒಳಗಿನಿಂದಲೇ ಕೂಗಿದರು: "ಕರೆಂಟ ಹೋದ್ರ ತಂಬಿಗಿ ತೊಗೊಂಡ ಕುಂಡರಬೇಕಾಕ್ಕೈತಿ, ಅದನ್ನೂ ಹೇಳಿ ಕಳಸು!"